ಶಾಲೆಯ ವಾರ್ಷಿಕ ಸಂಚಿಕೆ: ಡಿಟಿಪಿ ಅಂಗಡಿಯಾ, ಆನ್‌ಲೈನ್ ಟೆಂಪ್ಲೇಟಾ, ಸ್ಕ್ರೈಬಸ್ಸಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪುಟ ಕಟ್ಟುವ ಸಾಫ್ಟ್‌ವೇರ್ ಆದ ಸ್ಕ್ರೈಬಸ್‌ಗೆ. ನಮ್ಮದು ಬೆಂಗಳೂರಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಕನ್ನಡ ಪಾಠ ಮಾಡುವವಳು ನಾನಾದ್ದರಿಂದ ವಾರ್ಷಿಕ ಸಂಚಿಕೆಯ ಕೆಲಸವೂ ನನ್ನದೇ. ಒಂದು ವರ್ಷ ಸುಲ್ತಾನ್‌ಪೇಟೆ ಕಡೆಯ ಡಿಟಿಪಿ ಅಂಗಡಿಯಲ್ಲಿ ಪುಟ ಕಟ್ಟಿಸಿದೆವು. ಮರುವರ್ಷ ಮಕ್ಕಳೇ ಆನ್‌ಲೈನ್ ಟೆಂಪ್ಲೇಟ್ ತಾಣವೊಂದರಲ್ಲಿ ಮಾಡಿದರು. ಈ ಸಲದ್ದು ಹೆಚ್ಚುಕಮ್ಮಿ ಪೂರ್ತಿ ಸ್ಕ್ರೈಬಸ್‌ನಲ್ಲಿ.

ನಾನು ಅಳೆದದ್ದು ಒಂದೇ ಒಂದು ಕಡೆಯಿಂದ: ಹತ್ತನೇ ತರಗತಿ ಮಕ್ಕಳ ಫೋಟೋ ಮತ್ತು ಹೆಸರಿನ ಪುಟಗಳು. ಸಂಚಿಕೆ ಕೈಗೆ ಬಂದ ಕೂಡಲೇ ಮಗು ತೆಗೆದು ನೋಡುವುದು ಆ ಪುಟವನ್ನೇ ಅಲ್ವಾ? ಅಪ್ಪ ಅಮ್ಮಂದಿರೂ ಅಷ್ಟೇ. ಆ ಪುಟ ಚೆಂದ ಕಾಣಲು ಹೂಬಳ್ಳಿ, ನಕ್ಷತ್ರ ಬೇಕಿಲ್ಲ. ಮುಖಗಳೆಲ್ಲ ಒಂದೇ ಅಳತೆಯಲ್ಲಿರಬೇಕು. ಕಣ್ಣುಗಳು ಒಂದೇ ಮಟ್ಟದಲ್ಲಿ, ಹೆಸರುಗಳು ಒಂದೇ ಗೆರೆಯ ಮೇಲೆ ಬರಬೇಕು. ಎ4 ಪುಟದಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು 20 ಮಕ್ಕಳು. ಅದಕ್ಕಿಂತ ಜಾಸ್ತಿ ತುರುಕಿದರೆ ಪುಟ ಹಾಲ್ ಟಿಕೆಟ್ ಪಟ್ಟಿಯ ಹಾಗೆ ಕಾಣುತ್ತದೆ.

ಡಿಟಿಪಿ ಅಂಗಡಿಯವರ ಕೈ ಬಹಳ ಚುರುಕು. ಪ್ರೆಸ್ಸಿಗೆ ಏನು ಬೇಕು ಅನ್ನುವುದು ಅವರಿಗೆ ಬಾಯಿಪಾಠ. ಕತ್ತರಿಸುವಾಗ ಬಿಳಿ ಗೆರೆ ಉಳಿಯದಿರಲು ಅಂಚಿನಾಚೆ ಚಾಚುವ 3 ಮಿ.ಮೀ. ಬಣ್ಣ (ಬ್ಲೀಡ್), ಒಂದೇ ಹಾಳೆಯಲ್ಲಿ ಅಚ್ಚಾಗುವ 16 ಪುಟದ ಫಾರಂ ಲೆಕ್ಕ, ಬೈಂಡಿಂಗ್ ಕಡೆ ಬಿಡಬೇಕಾದ ಜಾಗ, ಯಾವುದನ್ನೂ ನಾವು ಕೇಳಬೇಕಾಗಿ ಬರಲಿಲ್ಲ. ಗೋಳು ಶುರುವಾದದ್ದು ಹೆಸರುಗಳಲ್ಲಿ.

ಈಗ ಮಕ್ಕಳು, ಶಿಕ್ಷಕರು ಎಲ್ಲರೂ ಮೊಬೈಲಿನಲ್ಲೇ ಬರೆದು ಕಳಿಸುತ್ತಾರೆ, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಯೂನಿಕೋಡ್‌ನಲ್ಲಿ. ಅಂಗಡಿಯಲ್ಲಿದ್ದದ್ದು ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್. ಅದರ ಕೊನೆಯ ದೊಡ್ಡ ಆವೃತ್ತಿ, 7.0, ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ. ಅಲ್ಲಿ ಕನ್ನಡ ಮೂಡಬೇಕಾದರೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ ಬೇಕು. ಆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳು ಕೂತಿರುತ್ತವೆ. ಹಾಗಾಗಿ ನಾವು ಕೊಟ್ಟದ್ದನ್ನೆಲ್ಲ ಕನ್ವರ್ಟರಿಗೆ ಹಾಕಿ ಬದಲಾಯಿಸಿಕೊಳ್ಳಬೇಕು.

ಬದಲಾಗಿ ಬಂದಾಗ 'ಪ್ರೇಮ್‌ಕುಮಾರ್' ಹೋಗಿ 'ಪ್ರೇಮ್ಕುಮಾರ್' ಆಗಿತ್ತು. 'ರಾಜ್‌ಕಿರಣ್' ಹೋಗಿ 'ರಾಜ್ಕಿರಣ್'. ಯೂನಿಕೋಡ್‌ನಲ್ಲಿ ಈ ಹೆಸರುಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ಕನ್ವರ್ಟರ್ ಅದನ್ನು ಬೀಳಿಸಿಬಿಟ್ಟಿತ್ತು. 'ರ‍್ಯಾಂಕ್' ಅಂತ ಕೊಟ್ಟದ್ದು ಅರ್ಕಾವತ್ತು ಹೊತ್ತು 'ರ್ಯಾಂಕ್' ಆಯಿತು. ಲೇಖನದ ನಡುವೆ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸವಂತೂ ಅರ್ಥವೇ ಇಲ್ಲದ ಕನ್ನಡ ಅಕ್ಷರಗಳ ರಾಶಿಯಾಗಿತ್ತು.

ಲೇಖನದಲ್ಲಿ ಇಂಥದ್ದು ಒಂದೆರಡು ಉಳಿದರೆ ಓದುವವರು ಸರಿಮಾಡಿಕೊಂಡು ಓದುತ್ತಾರೆ. ಮಗುವಿನ ಹೆಸರಿನಲ್ಲಿ ಉಳಿಯಕೂಡದು. ಆ ಪುಸ್ತಕ ಅವರ ಮನೆಯಲ್ಲಿ ಎಷ್ಟೋ ವರ್ಷ ಇರುತ್ತದೆ. ಆದ್ದರಿಂದ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋಗಿ, ಆಪರೇಟರ್ ಪಕ್ಕ ಕೂತು, ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹೆಸರು ನೋಡಬೇಕಾಯಿತು. ಅವರು ಬೇಸರ ಮಾಡಿಕೊಳ್ಳದೆ ತಿದ್ದಿಕೊಟ್ಟರು. ಆದರೆ ಅವರಿಗೂ ಬೇರೆ ಕೆಲಸ ಇರುತ್ತದೆ. "ಮೇಡಂ, ಇನ್ವಿಟೇಷನ್ ಒಂದು ಅರ್ಜೆಂಟ್ ಇದೆ, ಸ್ವಲ್ಪ ಕೂತಿರಿ" ಅಂದರೆ ಕಾಯಲೇಬೇಕು. ಇಷ್ಟಾದ ಮೇಲೆ ಸಿಕ್ಕಿದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿದರೂ ಬರುವುದು ಬರೀ ಚಿಹ್ನೆಗಳು. ಮರುವರ್ಷಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಆನ್‌ಲೈನ್ ಟೆಂಪ್ಲೇಟ್ ತಾಣಗಳಲ್ಲಿ ಯೂನಿಕೋಡ್ ತೊಂದರೆ ಇಲ್ಲ. ಒಂದೇ ಪುಟದಲ್ಲಿ ನಾಲ್ಕು ಮಕ್ಕಳು ಒಟ್ಟಿಗೆ ಕೆಲಸ ಮಾಡಬಹುದು. ಮಕ್ಕಳ ಉತ್ಸಾಹ ನೋಡಿ ನನಗೂ ಖುಷಿಯಾಗಿತ್ತು. ಮುಖಪುಟ, ಪ್ರವಾಸದ ಪುಟ, ಕ್ರೀಡಾಕೂಟದ ಪುಟ ಎಲ್ಲ ಬಲು ಬೇಗ ಸಿದ್ಧವಾದವು, ಚೆನ್ನಾಗಿಯೂ ಇದ್ದವು. ಆದರೆ ಆ ಟೆಂಪ್ಲೇಟುಗಳನ್ನು ಮಾಡಿರುವುದು ಇಂಗ್ಲಿಷಿಗೆ. ದೊಡ್ಡ ಅಕ್ಷರದಲ್ಲಿ, ಅಕ್ಷರಗಳ ನಡುವೆ ಜಾಗ ಬಿಟ್ಟು ಬರೆದ ತಲೆಬರಹ ಇಂಗ್ಲಿಷಿನಲ್ಲಿ ಸೊಗಸು. ಅದೇ ಜಾಗ ಬಿಟ್ಟು 'ಬೀಳ್ಕೊಡುಗೆ' ಅಂತ ಹಾಕಿದರೆ ಪದ ಬಿಡಿ ಬಿಡಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ತಲೆಬರಹಕ್ಕೆ ತೂಕ ಬರುವುದು ಅಕ್ಷರದ ಗಾತ್ರ ಮತ್ತು ದಪ್ಪದಿಂದ. ಟೆಂಪ್ಲೇಟಿನ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಬೇರೆ ಯಾವುದೋ ಫಾಂಟು ಸದ್ದಿಲ್ಲದೆ ಬಂದು ಕೂರುತ್ತದೆ, ಅದನ್ನೂ ಗಮನಿಸುತ್ತಿರಬೇಕು.

ಹೆಸರಿನ ಪುಟಗಳಲ್ಲಿ ಒಂದೊಂದು ಪೆಟ್ಟಿಗೆಯನ್ನೂ ಕೈಯಲ್ಲೇ ಸರಿಸಿ ಇಡಬೇಕಾಯಿತು. ಅಂಚು ಅರ್ಧ ಸೆಂಟಿಮೀಟರ್ ಜಾಸ್ತಿ ಮಾಡಬೇಕೆಂದರೆ ಎಲ್ಲ ಪುಟಕ್ಕೂ ಮತ್ತೆ ಹೋಗಬೇಕು. ಬಣ್ಣದ್ದು ಇನ್ನೊಂದು. ಪರದೆಯ ಮೇಲೆ ಹೊಳೆಯುವ ನೇರಳೆ, ಕಡುನೀಲಿ ಆರ್‌ಜಿಬಿ ಬಣ್ಣಗಳು. ಪ್ರೆಸ್ಸಿನ ನಾಲ್ಕು ಶಾಯಿಯಲ್ಲಿ, ಅಂದರೆ ಸಿಎಂವೈಕೆಯಲ್ಲಿ, ಅವು ಮಂಕಾಗುತ್ತವೆ. ಪ್ರೂಫ್ ನೋಡಿದ ಹುಡುಗಿಯೊಬ್ಬಳು "ಮಿಸ್, ಇದು ನಾವು ಹಾಕಿದ ಬಣ್ಣಾನೇ ಅಲ್ಲ" ಅಂತ ಮುಖ ಚಿಕ್ಕದು ಮಾಡಿಕೊಂಡಳು.

ಇನ್ನು ಸ್ಕ್ರೈಬಸ್. ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಸ್ಟಾಫ್ ರೂಮಿನ ಹಳೆಯ ಲ್ಯಾಪ್‌ಟಾಪಿಗೆ ಎರಡೂ ಬೇಕಿತ್ತು. ಹಾಕಿಕೊಳ್ಳುವಾಗ 1.6 ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. 1.6 ಬಂದದ್ದು 2024ರ ಜನವರಿಯಲ್ಲಿ. ಹಳೆಯ 1.4ರಲ್ಲಿ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ. ಅದನ್ನು ನೋಡಿದವರು ಯಾರಾದರೂ 'ಸ್ಕ್ರೈಬಸ್‌ನಲ್ಲಿ ಕನ್ನಡ ಬರಲ್ಲ' ಅಂದರೆ ನಂಬಬೇಡಿ, ಈಗ ಚೆನ್ನಾಗಿ ಬರುತ್ತದೆ. 'ಪ್ರೇಮ್‌ಕುಮಾರ್' ಹಾಜರಿ ಪಟ್ಟಿಯಿಂದ ಹೇಗೆ ಬಂದನೋ ಪಿಡಿಎಫ್‌ನಲ್ಲೂ ಹಾಗೇ ಇದ್ದ.

ನನ್ನ ಮನಸ್ಸು ಗೆದ್ದದ್ದು ಅದರ ಸ್ಟೈಲ್ ವ್ಯವಸ್ಥೆ, ಅಂದರೆ ಅಕ್ಷರದ ಗಾತ್ರ, ಸಾಲಿನ ಅಂತರವನ್ನೆಲ್ಲ ಒಂದು ಹೆಸರಿನಲ್ಲಿ ಇಟ್ಟುಕೊಂಡು ಬೇಕಾದಲ್ಲೆಲ್ಲ ಬಳಸುವುದು. ಮಗುವಿನ ಹೆಸರಿಗೆ ಒಂದು ಸ್ಟೈಲ್, ಕೆಳಗಿನ ಸಾಲಿನ ಊರಿಗೆ ಇನ್ನೊಂದು. ನಮ್ಮಲ್ಲಿ ಜ್ಯೋತ್ಸ್ನಾ ಅನ್ನುವ ಹುಡುಗಿ ಇದ್ದಾಳೆ. ಆ 'ತ್ಸ್ನಾ' ಇದೆಯಲ್ಲ, ತಕಾರದ ಕೆಳಗೆ ಸಕಾರ, ನಕಾರ ಎರಡೂ ಒತ್ತು. ಮೊದಲು ಇಟ್ಟಿದ್ದ ಅಂತರದಲ್ಲಿ ಆ ಒತ್ತುಗಳು ಕೆಳಗಿನ ಊರಿನ ಹೆಸರಿಗೆ ತಾಗುತ್ತಿದ್ದವು. ಸ್ಟೈಲಿನಲ್ಲಿ ಸಾಲಿನ ಅಂತರವನ್ನು 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಮಾಡಿದೆ. ಜ್ಯೋತ್ಸ್ನಾಳಿಗೆ ಮಾತ್ರ ಅಲ್ಲ, ಎಲ್ಲ ಸೆಕ್ಷನ್ನಿನ ಎಲ್ಲ ಮಕ್ಕಳಿಗೂ ಒಂದೇ ಏಟಿಗೆ ಬದಲಾಯಿತು. ಪುಟದಿಂದ ಪುಟಕ್ಕೆ ಹೋಗಿ ನೋಡಿದೆ, ಎಲ್ಲೂ ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಚೆಂದ ಅಂದರೆ ನನಗೆ ಇದೇ.

ಅಂಚು, ಪುಟಸಂಖ್ಯೆ, ಬಣ್ಣದ ಪಟ್ಟಿ ಎಲ್ಲವನ್ನೂ ಎಲ್ಲ ಪುಟಗಳಿಗೂ ಮಾದರಿಯಾಗುವ ಮಾಸ್ಟರ್ ಪೇಜಿನಲ್ಲಿ ಒಮ್ಮೆ ಇಟ್ಟರೆ ಆಯಿತು. ಹೆಸರಿಗೆ ಅನೇಕ್ ಕನ್ನಡ ಫಾಂಟ್ ಬಳಸಿದೆ. ಅದರಲ್ಲಿ ಒತ್ತೊತ್ತಾದ ಅಗಲವೂ ಸಿಗುತ್ತದೆ, ಉದ್ದ ಹೆಸರುಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಲೇಖನಗಳಿಗೆ ನೋಟೋ ಸೆರಿಫ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ. ಮೂರೂ ಪುಕ್ಕಟೆ.

ಸ್ಕ್ರೈಬಸ್ ಕಲಿಯಲು ತಾಳ್ಮೆ ಬೇಕು. ಮೆನುಗಳು ಹಳೇ ಕಾಲದವು. ಫೋಟೋ ಹಾಕಿದರೆ ತಾನಾಗಿ ಚೌಕಟ್ಟಿಗೆ ಹೊಂದುವುದಿಲ್ಲ, ಹೊಂದಿಸು ಅಂತ ನಾವೇ ಹೇಳಬೇಕು. ಫೋಟೋಗಳು ಫೈಲಿನ ಒಳಗೆ ಸೇರುವುದೂ ಇಲ್ಲ. ಪೆನ್‌ಡ್ರೈವಿನಲ್ಲಿ ಒಯ್ಯುವ ಮೊದಲು 'ಕಲೆಕ್ಟ್ ಫಾರ್ ಔಟ್‌ಪುಟ್' ಕೊಟ್ಟು ಎಲ್ಲವನ್ನೂ ಒಂದೇ ಫೋಲ್ಡರಿಗೆ ತಂದುಕೊಳ್ಳಿ.

ಇನ್‌ಡಿಸೈನ್ ಅನ್ನುವ ಅಡೋಬಿ ಕಂಪನಿಯ ಸಾಫ್ಟ್‌ವೇರ್ ಕೂಡ ಒಳ್ಳೆಯದೇ. ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆರಿಸಿಕೊಂಡರೆ ಕನ್ನಡ ಸರಿಯಾಗಿ ಬರುತ್ತದೆ. ಆದರೆ ತಿಂಗಳ ಚಂದಾ ಕಟ್ಟುವ ಶಕ್ತಿ ನಮ್ಮ ಶಾಲೆಗಿಲ್ಲ. ವರ್ಡ್‌ನಲ್ಲಿ ಫೋಟೋ ಪುಟ ಮಾಡಲು ಹೋಗಬೇಡಿ.

ಯಾವುದರಲ್ಲೇ ಮಾಡಿ, ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುಮ್ನೆ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ. ಹಾಗೆ ಕುಗ್ಗಿ 1600 ಪಿಕ್ಸೆಲ್ ಅಗಲಕ್ಕೆ ಇಳಿದ ಚಿತ್ರ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಅಚ್ಚಾಗುವುದು ಸುಮಾರು 13.5 ಸೆಂ.ಮೀ. ಮಾತ್ರ. ಒಬ್ಬ ಹುಡುಗನ ಮುಖಕ್ಕೆ ಅದು ಧಾರಾಳ, ಎರಡು ಪುಟ ತುಂಬಬೇಕಾದ ಗುಂಪು ಫೋಟೋಗೆ ಏನೂ ಸಾಲದು. ಗುಂಪು ಫೋಟೋ ಎರಡು ಪುಟಕ್ಕೆ ಹರಡಿದರೆ ನಡುವಿನ ಮಡಿಕೆಯಲ್ಲಿ ಯಾರ ಮುಖವೂ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.

ನಾನು ರಾತ್ರಿ ಊಟವಾದ ಮೇಲೆ, ಮನೆಯಲ್ಲಿ, ಒಬ್ಬಳೇ ಕೂತು ಕೆಲಸ ಮಾಡುವವಳು. ಅದಕ್ಕೆ ಸ್ಕ್ರೈಬಸ್ ನನಗೆ ಹೊಂದಿತು. ಡಿಟಿಪಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಈ ಸಲ ಹೊಲಿಗೆ ಬೈಂಡಿಂಗ್ ಮಾಡಿಸಿದೆವು. ಮುಖಪುಟ ಮತ್ತು ಪ್ರವಾಸದ ಪುಟಗಳನ್ನು ಮಾತ್ರ ಈಗಲೂ ಮಕ್ಕಳೇ ಟೆಂಪ್ಲೇಟ್ ತಾಣದಲ್ಲಿ ಮಾಡಿ ಪಿಡಿಎಫ್ ಕೊಡುತ್ತಾರೆ, ನಾನು ಸೇರಿಸಿಕೊಳ್ಳುತ್ತೇನೆ. ನಿಮ್ಮದು 16 ಪುಟದ ಚಿಕ್ಕ ಸಂಚಿಕೆಯಾಗಿದ್ದು, ಮಕ್ಕಳು ಜೊತೆಗಿದ್ದರೆ ಪೂರ್ತಿ ಟೆಂಪ್ಲೇಟ್ ತಾಣದಲ್ಲೇ ಮಾಡಿ. ವಾರ್ಷಿಕೋತ್ಸವಕ್ಕೆ ವಾರವಷ್ಟೇ ಉಳಿದಿದ್ದರೆ ಡಿಟಿಪಿ ಅಂಗಡಿಗೇ ಹೋಗಿ. ಹೋಗುವಾಗ ಹಾಜರಿ ಪುಸ್ತಕ ಜೊತೆಗಿರಲಿ.