ಸಹ್ಯಾದ್ರಿಯ ಶರತ್ಕಾಲಕ್ಕೆ ಹಗುರವಾದ, ಕೈಗೆಟುಕುವ ಸ್ಲೀಪಿಂಗ್ ಬ್ಯಾಗ್

ಮಳೆ ನಿಂತು ದಸರೆ ಸಮೀಪಿಸುತ್ತಿದ್ದಂತೆ ಪುಣೆಯ ಚಾರಣಿಗರು ರಾಜಗಡ, ತೋರಣಾ, ಹರಿಶ್ಚಂದ್ರಗಡದಂಥ ಬೆಟ್ಟದ ಕೋಟೆಗಳ ಕಡೆಗೆ ಹೊರಡುತ್ತಾರೆ. ಕೋಜಾಗಿರಿ (ಶೀಗೆ) ಹುಣ್ಣಿಮೆಯಿಂದ ಕಾರ್ತಿಕದ ಕೊನೆಯವರೆಗಿನ ವಾರಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ, ಕೋಟೆಯ ಮೇಲೆ ಒಂದು ರಾತ್ರಿ ಕಳೆಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ. ಇಲ್ಲಿ ನೆಲೆಸಿರುವ ಕನ್ನಡಿಗರ ನಮ್ಮ ಚಿಕ್ಕ ಗುಂಪಿಗೆ ಹೊಸದಾಗಿ ಸೇರಿದವರು ಈ ಸಮಯದಲ್ಲಿ ತಪ್ಪದೆ ಕೇಳುವ ಪ್ರಶ್ನೆಯೆಂದರೆ ಯಾವ ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಕು ಎಂಬುದು. ಮೂರು ಸಾವಿರ ರೂಪಾಯಿಯ ಮಿತಿ ಇಟ್ಟುಕೊಂಡು, ನಾನು ಬಳಸಿದ ಮತ್ತು ಗೆಳೆಯರಿಂದ ಎರವಲು ಪಡೆದು ಮಲಗಿ ನೋಡಿದ ಚೀಲಗಳ ಆಧಾರದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕಂಫರ್ಟ್ ತಾಪಮಾನ (ಅಂದರೆ ನೆಮ್ಮದಿಯಾಗಿ ನಿದ್ರಿಸಬಹುದಾದ ತಾಪಮಾನ) 10 ಡಿಗ್ರಿ ಎಂದು ಪರೀಕ್ಷೆಯಾಗಿರುವ, ಪಾಲಿಯೆಸ್ಟರ್ ತುಂಬಿರುವ, ಜಿಪ್ಪನ್ನು ಪೂರ್ತಿ ಬಿಚ್ಚಿ ಹೊದಿಕೆಯಂತೆ ಹರಡಬಹುದಾದ, ಒಂದೂವರೆ ಕಿಲೋ ಮೀರದ ಚೀಲವನ್ನು ಕೊಳ್ಳಬೇಕು, ಉಳಿದ ಹಣವನ್ನು ಕೆಳಗೆ ಹಾಸುವ ಮ್ಯಾಟಿಗೆ ಹಾಕಬೇಕು.

ಈ ತೀರ್ಮಾನಕ್ಕೆ ಬರಬೇಕಾದರೆ ನಮ್ಮ ಬೆಟ್ಟಗಳ ಚಳಿ ಎಂಥದ್ದೆಂದು ತಿಳಿದಿರಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹರಿಶ್ಚಂದ್ರಗಡದ ಶಿಖರ 1,424 ಮೀಟರ್. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಂತೆ, ಊರಿನಲ್ಲಿ ನಸುಕಿನ ತಾಪಮಾನ 15 ಡಿಗ್ರಿ ಇರುವ ನವೆಂಬರಿನ ದಿನ ಗಡದ ತುದಿಯಲ್ಲಿ ಅದು 10ರ ಆಸುಪಾಸಿಗೆ ಬರುತ್ತದೆ. ಅಕ್ಟೋಬರಿನಲ್ಲಿ ಅಷ್ಟು ಚಳಿಯೂ ಇರುವುದಿಲ್ಲ. ಆದರೆ ಎತ್ತರದ ಲೆಕ್ಕವೊಂದನ್ನೇ ನಂಬಿ ಕೂರುವಂತಿಲ್ಲ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ, ತಂಪಾದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಹೀಗಾಗಿ ಪವನಾ ಅಥವಾ ಭಂಡಾರದರಾ ಜಲಾಶಯದ ದಂಡೆಯಲ್ಲಿ ಡೇರೆ ಹಾಕಿದವರು ಕೆಲವೊಮ್ಮೆ ಗುಡ್ಡದ ಮೇಲಿನವರಿಗಿಂತ ಹೆಚ್ಚು ಚಳಿಯನ್ನು ಅನುಭವಿಸುತ್ತಾರೆ, ಬೆಳಗಾಗುವಷ್ಟರಲ್ಲಿ ಅವರ ಹೊದಿಕೆ ಇಬ್ಬನಿಯಿಂದ ತೊಯ್ದಿರುತ್ತದೆ. ಹರಿಶ್ಚಂದ್ರಗಡದ ಪ್ರಪಾತದಂಚಾದ ಕೊಂಕಣಕಡಾದಂಥ ಬಯಲಾದ ಕಡೆಗಳಲ್ಲಿ ಗಾಳಿಯೇ ಮುಖ್ಯ ಶತ್ರು.

ಇನ್ನೊಂದು ವಿಷಯಕ್ಕೆ ಅಂಗಡಿಯವರು ಯಾರೂ ಗಮನ ಕೊಡುವುದಿಲ್ಲ, ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯವೆನಿಸಿರುವುದು ಅದೇ. ನಮ್ಮ ಶರತ್ಕಾಲದ ಒಂದೇ ರಾತ್ರಿಯಲ್ಲಿ ಎರಡು ಹವಾಮಾನಗಳಿರುತ್ತವೆ. ಊಟ ಮುಗಿಸಿ ಮಲಗುವಾಗ ಬಂಡೆಗಳು ಇನ್ನೂ ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡಿರುತ್ತವೆ, ಮೈಮೇಲೆ ತೆಳು ಚಾದರವೂ ಹೆಚ್ಚೆನಿಸುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಅದೇ ಜಾಗದಲ್ಲಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳಬೇಕಾಗುತ್ತದೆ. ಸೊನ್ನೆ ಡಿಗ್ರಿಯ ಚೀಲದಲ್ಲಿ ಮಲಗಿದವರು ಮೊದಲರ್ಧ ರಾತ್ರಿ ಬೆವರುತ್ತಾರೆ, ಆ ಬೆವರಿನ ತೇವವೇ ಎರಡನೆಯ ಅರ್ಧದಲ್ಲಿ ಅವರನ್ನು ನಡುಗಿಸುತ್ತದೆ. ‘ಹೆಚ್ಚು ಬೆಚ್ಚಗಿದ್ದರೆ ಒಳ್ಳೆಯದೇ ಅಲ್ಲವೆ’ ಎಂಬ ತರ್ಕ ಇಲ್ಲಿ ಸಲ್ಲುವುದಿಲ್ಲ. ನಮಗೆ ಬೇಕಾಗಿರುವುದು ಸಂಜೆ ಬಿಚ್ಚಿ ಹೊದೆಯಲು, ನಸುಕಿನಲ್ಲಿ ಮುಚ್ಚಿಕೊಳ್ಳಲು ಬರುವ ಚೀಲ.

ಚೀಟಿಯ ಮೇಲಿನ ಅಂಕಿಗಳನ್ನು ಓದುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯುರೋಪಿನಲ್ಲಿ 2002ರಲ್ಲಿ ಇಎನ್ 13537 ಎಂಬ ಮಾನಕ ಪ್ರಕಟವಾಯಿತು. 2016ರಿಂದ ಅದರ ಜಾಗದಲ್ಲಿ ಐಎಸ್ಒ 23537 ಇದೆ. ಪ್ರಯೋಗಾಲಯದಲ್ಲಿ ಶಾಖ ಕೊಟ್ಟ ಮನುಷ್ಯಾಕಾರದ ಬೊಂಬೆಗೆ ಉದ್ದ ತೋಳಿನ ಒಳಉಡುಪು ಮತ್ತು ಕಾಲುಚೀಲ ತೊಡಿಸಿ, ಮ್ಯಾಟಿನ ಮೇಲೆ ಚೀಲದೊಳಗೆ ಮಲಗಿಸಿ, ಎಷ್ಟು ಶಾಖ ಸೋರಿಹೋಗುತ್ತದೆ ಎಂದು ಅಳೆಯುತ್ತಾರೆ. ಅದರಿಂದ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಅಂಕಿಗಳು ಹೊರಡುತ್ತವೆ. ಮೊದಲನೆಯದು ಸಾಮಾನ್ಯ ಮಹಿಳೆಯೊಬ್ಬಳು ಕೈಕಾಲು ಸಡಿಲ ಬಿಟ್ಟು ನೆಮ್ಮದಿಯಾಗಿ ನಿದ್ರಿಸಬಲ್ಲ ತಾಪಮಾನ. ಎರಡನೆಯದು ಸಾಮಾನ್ಯ ಪುರುಷನೊಬ್ಬ ಮುದುಡಿಕೊಂಡು ಎಂಟು ಗಂಟೆ ಹೇಗೋ ನಿದ್ರಿಸಬಲ್ಲ ತಾಪಮಾನ. ಎಕ್ಸ್‌ಟ್ರೀಮ್ ಎಂಬುದು ನಿದ್ರೆಯ ಅಂಕಿಯೇ ಅಲ್ಲ; ಜೀವ ಉಳಿದೀತು, ಆದರೆ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಹುದು ಎಂಬ ಎಚ್ಚರಿಕೆ ಅದು. ಕಂಫರ್ಟ್ 10 ಇರುವ ಚೀಲದ ಎಕ್ಸ್‌ಟ್ರೀಮ್ ಅಂಕಿ ಸೊನ್ನೆಗಿಂತ ಕೆಳಗಿರುವುದು ಸಾಮಾನ್ಯ. ಆದ್ದರಿಂದ ಆನ್‌ಲೈನ್ ಮಾರಾಟದಲ್ಲಿ ‘ಮೈನಸ್ 5 ಡಿಗ್ರಿ’ ಎಂದು ದಪ್ಪಕ್ಷರದಲ್ಲಿ ಬರೆದು, ಯಾವ ಮಾನಕದ ಯಾವ ಅಂಕಿ ಎಂಬುದನ್ನು ಎಲ್ಲಿಯೂ ಹೇಳದ ಅಗ್ಗದ ಚೀಲಗಳ ಬಗ್ಗೆ ಎಚ್ಚರ ವಹಿಸಬೇಕೆಂದು ಒತ್ತಿ ಹೇಳುತ್ತೇನೆ. ಅಂಥದೊಂದು ಚೀಲವನ್ನು ಗೆಳೆಯರೊಬ್ಬರಿಂದ ಪಡೆದು ರಾಜಗಡದಲ್ಲಿ ಬಳಸಿದ್ದೆ. ಹೊಲಿಗೆಯ ಗೆರೆಗಳುದ್ದಕ್ಕೂ ಒಳಗಿನ ತುಂಬು ಸರಿದು ಬರೀ ಬಟ್ಟೆಯಷ್ಟೇ ಉಳಿದಿತ್ತು, ಚಳಿ ಆ ಗೆರೆಗಳ ಮೂಲಕವೇ ಒಳಬರುತ್ತಿತ್ತು. ಬೆಳಕಿಗೆ ಎದುರಾಗಿ ಹಿಡಿದು ನೋಡಿದರೆ ಈ ದೋಷ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಡೆಕಾಥ್ಲಾನ್ ಅಂಗಡಿಗಳಲ್ಲಿ ಸಿಗುವ ಕ್ವೆಚುವಾ ಚೀಲಗಳ ಹೆಸರಿನಲ್ಲೇ 20, 10, 0 ಎಂದು ಡಿಗ್ರಿಗಳನ್ನು ಬರೆದಿರುತ್ತಾರೆ. ಹೊಸಬರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಹೋಲಿಕೆ ಸುಲಭವಾಗುತ್ತದೆ. ಬೇರೆ ಕಂಪನಿಯ ಚೀಲ ಕೊಳ್ಳುವವರು ಕೂಡ ಮೊದಲು ಅಲ್ಲಿಗೆ ಹೋಗಿ 20 ಮತ್ತು 10ರ ನಡುವೆ ದಪ್ಪದಲ್ಲಿ, ತೂಕದಲ್ಲಿ, ಮಡಿಸಿದಾಗಿನ ಗಾತ್ರದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. 20 ಡಿಗ್ರಿಯ ಚೀಲ ಅಗ್ಗವೂ ಹಗುರವೂ ಹೌದು. ಅಕ್ಟೋಬರಿನ ಮೊದಲ ವಾರಗಳಿಗೆ ಮತ್ತು ಕೊಂಕಣದ ಕಡಲತೀರಕ್ಕೆ ಅದು ಧಾರಾಳವಾಗಿ ಸಾಕು, ನವೆಂಬರಿನ ಗಡಗಳಿಗೆ ಸಾಲದು. ಸೊನ್ನೆ ಡಿಗ್ರಿಯದು ಏಕೆ ಬೇಡವೆಂದು ಈಗಾಗಲೇ ಹೇಳಿದ್ದೇನೆ. ಮಹಿಳೆಯರೂ, ಸ್ವಭಾವತಃ ಚಳಿ ಹೆಚ್ಚಾಗುವವರೂ ಕಂಫರ್ಟ್ ಅಂಕಿಯನ್ನಷ್ಟೇ ನೋಡಬೇಕು. ಚಳಿ ತಡೆಯಬಲ್ಲ ಪುರುಷರು ಲಿಮಿಟ್ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನಡೆಯುತ್ತದೆ, ಆದರೆ ದಿನವಿಡೀ ಹತ್ತಿ ದಣಿದ ದೇಹಕ್ಕೆ ಚಳಿ ಬೇಗ ತಾಗುತ್ತದೆ ಎಂಬುದು ನೆನಪಿರಲಿ.

ಒಳಗೆ ತುಂಬುವ ವಸ್ತುವಿನ ವಿಷಯದಲ್ಲಿ ಹೆಬ್ಬಾತು ಮತ್ತು ಬಾತುಗಳ ನವಿರಾದ ಗರಿ, ಅಂದರೆ ಡೌನ್, ತೂಕದ ದೃಷ್ಟಿಯಿಂದ ನಿಸ್ಸಂದೇಹವಾಗಿ ಶ್ರೇಷ್ಠ. ಅದರ ಗುಣಮಟ್ಟವನ್ನು ಫಿಲ್ ಪವರ್ ಎಂಬ ಅಂಕಿಯಿಂದ ಹೇಳುತ್ತಾರೆ: ಒಂದು ಔನ್ಸ್ ಗರಿ ಅರಳಿದಾಗ ಎಷ್ಟು ಘನ ಅಂಗುಲ ಜಾಗ ತುಂಬುತ್ತದೆ ಎಂಬ ಅಳತೆ ಅದು. ಆದರೆ ಒಳ್ಳೆಯ ಡೌನ್ ಚೀಲ ನಮ್ಮ ಮೂರು ಸಾವಿರದ ಮಿತಿಯನ್ನು ಎಷ್ಟೋ ಮೀರುತ್ತದೆ. ಜೊತೆಗೆ ಗರಿ ಒದ್ದೆಯಾದರೆ ಮುದ್ದೆಯಾಗಿ ಶಾಖ ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಇಬ್ಬನಿ ಧಾರಾಳವಾಗಿ ಬೀಳುವ ಸಹ್ಯಾದ್ರಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಹಕ್ಕಿಯ ಗರಿಯನ್ನು ಬಳಸಲು ಮನಸ್ಸೊಪ್ಪದವರೂ ನಮ್ಮಲ್ಲಿದ್ದಾರೆ, ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಟೊಳ್ಳು ನೂಲಿನ ಪಾಲಿಯೆಸ್ಟರ್ ತುಸು ಭಾರ, ಮಡಿಸಿದಾಗ ತುಸು ದಪ್ಪ; ಆದರೆ ತೇವವಾದರೂ ತಕ್ಕ ಮಟ್ಟಿಗೆ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ, ಮನೆಯಲ್ಲೇ ತೊಳೆಯಬಹುದು.

ಈಗ ನಾನು ಬಳಸುತ್ತಿರುವುದು ಇಂಥದೇ ಒಂದು ಪಾಲಿಯೆಸ್ಟರ್ ಚೀಲ. ಆಯತಾಕಾರದ್ದು, ಕಂಫರ್ಟ್ 10 ಡಿಗ್ರಿ. ಮನೆಯ ತಕ್ಕಡಿಯಲ್ಲಿ ಹೊರಚೀಲವೂ ಸೇರಿ 1.3 ಕಿಲೋ ತೂಗುತ್ತದೆ. 50 ಲೀಟರಿನ ಬೆನ್ನುಚೀಲದ ತಳದಲ್ಲಿ ಇದನ್ನು ತುರುಕಿದರೆ ಮೇಲೆ ನೀರು, ಅಕ್ಕಿ-ಬೇಳೆ, ಸ್ವೆಟರ್, ಟಾರ್ಚ್‌ಗಳಿಗೆ ಜಾಗ ಮಿಗುತ್ತದೆ, ಗುಂಜವಣೆ ಹಳ್ಳಿಯಿಂದ ಚೋರ ದರವಾಜೆ ಎಂಬ ಕಳ್ಳಬಾಗಿಲಿನ ದಾರಿಯಲ್ಲಿ ರಾಜಗಡ ಹತ್ತುವಾಗ ಭಾರ ಹಿಂದಕ್ಕೆ ಎಳೆಯುವುದಿಲ್ಲ. ಬಂಡೆಗೆ ಕೈ ಕೊಟ್ಟು ಏರಬೇಕಾದ ಆ ಕಡೆಯ ಭಾಗದಲ್ಲಿ ಚೀಲವನ್ನು ಹೊರಗೆ ನೇತುಹಾಕಿಕೊಂಡು ಬರುವವರನ್ನು ಕಂಡಾಗ ನನಗೆ ಆತಂಕವಾಗುತ್ತದೆ. ಒಳಗೆ ಹಿಡಿಸದಷ್ಟು ದೊಡ್ಡ ಚೀಲವನ್ನು ದಯವಿಟ್ಟು ಕೊಳ್ಳಬೇಡಿ. ಜಿಪ್ಪು ಎರಡೂ ತುದಿಯಿಂದ ತೆರೆಯುವುದರಿಂದ ಸೆಕೆಯಾದಾಗ ಪಾದಗಳನ್ನಷ್ಟೇ ಹೊರಗಿಡಬಹುದು. ಜಿಪ್ಪಿನ ಒಳಬದಿಗೆ ತುಂಬು ಇರುವ ಪಟ್ಟಿಯೊಂದಿದೆ, ಅದಿಲ್ಲದ ಚೀಲಗಳಲ್ಲಿ ಗಾಳಿ ಜಿಪ್ಪಿನ ಹಲ್ಲುಗಳ ಸಂದಿಯಿಂದಲೇ ನುಗ್ಗುತ್ತದೆ. ಇದರ ಕೊರತೆಯೆಂದರೆ ತಲೆಗೆ ಮುಚ್ಚಿಗೆಯಿಲ್ಲ. ಹೆಗಲ ಬಳಿ ಅಗಲವಾಗಿರುವುದರಿಂದ ಗಾಳಿಯ ರಾತ್ರಿಗಳಲ್ಲಿ ಕೊರಳ ಸುತ್ತ ಶಾಲು ಸುತ್ತಿ, ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಲೇಬೇಕು. ಕಾಲಿನ ಕಡೆ ಕಿರಿದಾಗುವ ಮಮ್ಮಿ ಆಕಾರದ ಚೀಲ ಇದೇ ತೂಕಕ್ಕೆ ಹೆಚ್ಚು ಬೆಚ್ಚಗಿರುತ್ತದೆ ನಿಜ, ಆದರೆ ಅದನ್ನು ಬಿಚ್ಚಿ ಹೊದೆಯಲು ಬರುವುದು ಅಪರೂಪ, ಮಗ್ಗುಲು ಬದಲಿಸುವವರಿಗೆ ಉಸಿರುಕಟ್ಟುತ್ತದೆ.

ನಮ್ಮ ಗುಂಪಿನ ಹಿರಿಯರೊಬ್ಬರು ಧಾರವಾಡದ ಕಡೆಯವರು. ‘ಮನ್ಯಾಗ ಕೌದಿ ಐತಲ್ರೀ, ಮತ್ಯಾಕ ರೊಕ್ಕ ಹಾಕ್ತೀರಿ?’ ಎಂದು ಅವರು ಕೇಳುವುದು ಅಕಾರಣವಲ್ಲ. ತಾಯಿ ಹೊಲಿದ ಕೌದಿಯ ಬೆಚ್ಚನೆಯನ್ನು ಯಾವ ಪಾಲಿಯೆಸ್ಟರೂ ಮೀರಲಾರದು, ವಾಹನ ಹೋಗುವ ಕಡೆ ಡೇರೆ ಹಾಕುವುದಾದರೆ ನಾನೂ ಕೌದಿಯನ್ನೇ ಒಯ್ಯುತ್ತೇನೆ. ಆದರೆ ಹತ್ತಿಯ ಹಲವು ಪದರಗಳ ಆ ಭಾರವನ್ನು ಬೆನ್ನ ಮೇಲೆ ಹೊತ್ತು ಕೋಟೆ ಹತ್ತುವುದು ಕಷ್ಟ, ಇಬ್ಬನಿಗೆ ತೊಯ್ದ ಹತ್ತಿ ಮರುದಿನ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಕಂಬಳಿ ತೇವಕ್ಕೆ ಹೆದರುವುದಿಲ್ಲ, ತೂಕದಲ್ಲಿ ಮಾತ್ರ ಸೋಲುತ್ತದೆ.

ಮ್ಯಾಟಿನ ವಿಷಯವನ್ನು ಜನ ಕಡೆಗಣಿಸುವುದರಿಂದಲೇ ಎಷ್ಟೋ ಒಳ್ಳೆಯ ಚೀಲಗಳಿಗೆ ಕೆಟ್ಟ ಹೆಸರು ಬಂದಿದೆ. ಮಲಗಿದಾಗ ಮೈಯ ಭಾರಕ್ಕೆ ಕೆಳಗಿನ ತುಂಬು ಚಪ್ಪಟೆಯಾಗುತ್ತದೆ. ಶಾಖ ಹಿಡಿದಿಡುವುದು ಅದರೊಳಗಿನ ನಿಶ್ಚಲ ಗಾಳಿ, ಗಾಳಿ ಹೊರಹೋದ ಮೇಲೆ ಬೆನ್ನಿಗೂ ನೆಲಕ್ಕೂ ನಡುವೆ ಎರಡು ಪದರ ಬಟ್ಟೆಯಷ್ಟೇ ಉಳಿಯುತ್ತದೆ. ರಾಜಗಡದ ಪದ್ಮಾವತಿ ದೇವಸ್ಥಾನದ ಕಲ್ಲುನೆಲವಾಗಲಿ, ಹರಿಶ್ಚಂದ್ರಗಡದ ಗುಹೆಗಳ ನೆಲವಾಗಲಿ ರಾತ್ರಿಯಿಡೀ ಮೈಯ ಶಾಖವನ್ನು ಹೀರುತ್ತಲೇ ಇರುತ್ತವೆ. ಚೀಲದ ಚೀಟಿಯ ಮೇಲಿನ ಅಂಕಿಯೇ ಮ್ಯಾಟ್ ಇದೆಯೆಂದು ಭಾವಿಸಿ ಕೊಟ್ಟದ್ದು ಎಂಬುದನ್ನು ಮರೆಯಬಾರದು. ನೀರು ಹೀರದ ಫೋಮಿನ, ಎಂಟು-ಹತ್ತು ಮಿಲಿಮೀಟರ್ ದಪ್ಪದ ಮ್ಯಾಟ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಅರ್ಧ ಕಿಲೋಗಿಂತ ಕಡಿಮೆ ತೂಗುತ್ತದೆ. ಚೀಲಕ್ಕೆ ಮೂರು ಸಾವಿರ ಪೂರ್ತಿ ಸುರಿದು ಮ್ಯಾಟ್ ಬಿಡುವವರಿಗಿಂತ, ಎರಡು ಸಾವಿರದ ಚೀಲಕ್ಕೆ ಒಳ್ಳೆಯ ಮ್ಯಾಟ್ ಸೇರಿಸಿಕೊಂಡವರು ಸುಖವಾಗಿ ನಿದ್ರಿಸುತ್ತಾರೆಂಬುದು ನನ್ನ ದೃಢವಾದ ಅನುಭವ.

ವರ್ಷಕ್ಕೊಮ್ಮೆ ಮಾತ್ರ ಹೋಗುವವರು ಬಾಡಿಗೆಗೆ ಪಡೆಯಬಹುದು, ಪುಣೆಯಲ್ಲಿ ಚಾರಣದ ಸಾಮಾನುಗಳನ್ನು ಬಾಡಿಗೆಗೆ ಕೊಡುವವರಿಗೆ ಕೊರತೆಯಿಲ್ಲ. ಪಡೆಯುವಾಗಲೇ ಜಿಪ್ಪನ್ನು ಪೂರ್ತಿ ಎಳೆದು ನೋಡಿ, ಒಳಗೆ ಮೂಗಿಟ್ಟು ವಾಸನೆ ನೋಡಿ. ಬಾಡಿಗೆಯದಾಗಲಿ ಸ್ವಂತದ್ದಾಗಲಿ, ಒಳಗೊಂದು ಲೈನರ್, ಅಂದರೆ ತೆಳು ಬಟ್ಟೆಯ ಒಳಚೀಲ, ಇರುವುದು ಮೇಲು. ಅಂಗಡಿಯ ಲೈನರ್‌ಗೆ ಹಣ ಕೊಡಬೇಕಿಲ್ಲ. ಹಳೆಯ ಮೆತ್ತನೆಯ ಹತ್ತಿ ಸೀರೆಯೊಂದನ್ನು ಮಡಿಸಿ ಒಂದು ಬದಿ ಮತ್ತು ಕೆಳಭಾಗವನ್ನು ಹೊಲಿಸಿದರೆ ಸಾಕು. ಚೀಲ ಬೆವರು, ದೂಳಿನಿಂದ ಉಳಿಯುತ್ತದೆ, ಸೆಕೆಯ ರಾತ್ರಿಗಳಲ್ಲಿ ಆ ಲೈನರ್ ಒಂದೇ ಹೊದಿಕೆಯಾಗುತ್ತದೆ. ಶರತ್ಕಾಲದಲ್ಲೇ ಹಿಮಾಲಯಕ್ಕೆ ಹೊರಟವರಿಗೆ ನಾನು ಹೇಳಿದ 10 ಡಿಗ್ರಿಯ ಚೀಲ ಉಪಯೋಗಕ್ಕೆ ಬಾರದು. ಅಲ್ಲಿನ ಚಾರಣ ಆಯೋಜಕರಲ್ಲಿ ಬಹಳಷ್ಟು ಮಂದಿ ತಕ್ಕ ಚೀಲವನ್ನು ತಾವೇ ಒದಗಿಸುತ್ತಾರೆ, ಕೇಳಿ ಖಚಿತಪಡಿಸಿಕೊಳ್ಳಿ.

ಕೊಳ್ಳುವ ದಿನ ಅಂಗಡಿಯಲ್ಲಿ ಸಂಕೋಚಪಡದೆ ಚೀಲದೊಳಗೆ ಪೂರ್ತಿ ಮಲಗಿ ನೋಡಬೇಕು. ಪಾದ ತುದಿಗೆ ಒತ್ತಿದರೆ ಆ ಜಾಗದಲ್ಲಿ ತುಂಬು ಅಮುಕಿ ಬೆರಳುಗಳು ತಣ್ಣಗಾಗುತ್ತವೆ, ಆದ್ದರಿಂದ ಎತ್ತರದವರು ಉದ್ದನೆಯ ಅಳತೆಯನ್ನೇ ಕೇಳಬೇಕು. ಬಳಸಿ ಬಂದ ಮೇಲೆ ಬಾಲ್ಕನಿಯಲ್ಲಿ ಗಾಳಿಗೆ ಹರಡಿ ಚೆನ್ನಾಗಿ ಒಣಗಿಸಿ, ಸಣ್ಣ ಹೊರಚೀಲಕ್ಕೆ ತುರುಕದೆ ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ಇಡಿ. ತಿಂಗಳುಗಟ್ಟಲೆ ಒತ್ತಿಟ್ಟ ಪಾಲಿಯೆಸ್ಟರ್ ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ತೊಳೆಯುವಾಗ ತಣ್ಣೀರು, ಸೌಮ್ಯವಾದ ಸೋಪಿನ ದ್ರಾವಣ ಸಾಕು. ಹಿಂಡಬಾರದು, ಇಸ್ತ್ರಿಯಂತೂ ತಾಗಿಸಲೇಬಾರದು.