ವಿವಾಲ್ಡಿಯಾ, ಫೈರ್‌ಫಾಕ್ಸಾ? ಮಾಸ್ಟೊಡಾನ್, ಫೀಡ್ ಬಳಸುವವರಿಗೆ

ಹಲವು ಸ್ವತಂತ್ರ ಸರ್ವರ್‌ಗಳು ಸೇರಿ ನಡೆಯುವ ಸಾಮಾಜಿಕ ಜಾಲ ಮಾಸ್ಟೊಡಾನ್‌ನಲ್ಲಿ ಹೊಸ ಬರಹಗಾರರನ್ನು ಹುಡುಕುವುದು, ಹಿಡಿಸಿದರೆ ಅವರ ಬ್ಲಾಗನ್ನು ಆರ್‌ಎಸ್‌ಎಸ್ ಫೀಡಿನಲ್ಲಿ (ತಾಣದ ಹೊಸ ಬರಹಗಳನ್ನು ತಾನಾಗಿ ತಂದುಕೊಡುವ ಪಟ್ಟಿ) ಓದುವುದು ನಿಮ್ಮ ರೂಢಿಯಾಗಿದ್ದರೆ ವಿವಾಲ್ಡಿ ಬ್ರೌಸರ್ ಹಾಕಿಕೊಳ್ಳಿ. ಅದನ್ನೂ ಫೈರ್‌ಫಾಕ್ಸ್ ಬ್ರೌಸರನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಬಳಸಿ ನೋಡಿದ ಮೇಲೆ ನನ್ನ ಮತ ವಿವಾಲ್ಡಿಗೇ.

ಫೈರ್‌ಫಾಕ್ಸ್‌ನಲ್ಲಿ ಫೀಡ್ ತೋರಿಸುತ್ತಿದ್ದ ಲೈವ್ ಬುಕ್‌ಮಾರ್ಕ್ 2018ರಲ್ಲೇ ಹೋಯಿತು, ಲೇಖನಗಳನ್ನು ಆಮೇಲೆ ಓದಲು ಉಳಿಸಿಡುತ್ತಿದ್ದ ಪಾಕೆಟ್ 2025ರ ಜುಲೈನಲ್ಲಿ ಮುಚ್ಚಿತು. ಈಗ ಫೀಡ್ ಬೇಕೆಂದರೆ ಫೀಡ್‌ಬ್ರೋದಂಥ ಆಡ್-ಆನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಬೇಕು. ವಿವಾಲ್ಡಿಯಲ್ಲಿ ಫೀಡ್ ರೀಡರ್ ಒಳಗೇ ಇದೆ. ಕಾಣಿಸದಿದ್ದರೆ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಮೇಲ್, ಕ್ಯಾಲೆಂಡರ್, ಫೀಡ್ಸ್ ಆನ್ ಮಾಡಿ. ಆಮೇಲೆ ಫೀಡ್ ಇರುವ ತಾಣಕ್ಕೆ ಹೋದರೆ ಮೇಲೆ ವಿಳಾಸ ಬರೆಯುವ ಪಟ್ಟಿಯಲ್ಲೇ ಅದರ ಗುರುತು ಬರುತ್ತದೆ, ಒತ್ತಿ ಚಂದಾದಾರರಾದರೆ ಮುಗಿಯಿತು.

ನಿಜವಾದ ಕಿರಿಕಿರಿ ಮಾಸ್ಟೊಡಾನ್‌ನದು. ಯಾರದೋ ಬ್ಲಾಗಿನಲ್ಲಿ ಅವರ ಮಾಸ್ಟೊಡಾನ್ ಕೊಂಡಿ ಒತ್ತುತ್ತೀರಿ, ಪುಟ ತೆರೆಯುವುದು ಅವರ ಸರ್ವರ್‌ನಲ್ಲಿ. ನಿಮ್ಮ ಖಾತೆ ಬೇರೆ ಸರ್ವರ್‌ನಲ್ಲಿದೆ, ಹಾಗಾಗಿ ಅಲ್ಲಿ ‘ಫಾಲೋ’ ಒತ್ತಿದರೆ ಲಾಗಿನ್ ಅಥವಾ ನಿಮ್ಮ ಸರ್ವರ್‌ನ ಹೆಸರು ಕೇಳುತ್ತದೆ. ಇದು ದೋಷವಲ್ಲ, ಪ್ರತಿ ಸರ್ವರ್ ಬೇರೆ ಬೇರೆ ಇರುವುದರ ಫಲ. ಪ್ರತಿ ಸಲ ಆ ಹೆಸರು ಕೊಡಬೇಕು, ಇಲ್ಲವೇ ಪ್ರೊಫೈಲ್ ವಿಳಾಸವನ್ನು ಕಾಪಿ ಮಾಡಿ, ನಿಮ್ಮ ಸರ್ವರ್‌ನ ಹುಡುಕು ಪೆಟ್ಟಿಗೆಯಲ್ಲಿ ಅಂಟಿಸಿ, ಅಲ್ಲಿಂದ ಫಾಲೋ ಮಾಡಬೇಕು. ಸಂಜೆಗೆ ಹತ್ತು ಜನರನ್ನು ಹುಡುಕುವವರಿಗೆ ಈ ಟ್ಯಾಬ್‌ಗಳ ಓಡಾಟವೇ ಸಾಕಾಗಿಹೋಗುತ್ತದೆ.

ಪುಟದ ಪಕ್ಕದಲ್ಲೇ ಇನ್ನೊಂದು ತಾಣವನ್ನು ತೆರೆದಿಡುವ ವಿವಾಲ್ಡಿಯ ವೆಬ್ ಪ್ಯಾನೆಲ್ ಗೆಲ್ಲುವುದು ಇಲ್ಲೇ. ಪಕ್ಕದ ಪಟ್ಟಿಯ ‘+’ ಒತ್ತಿ ನಿಮ್ಮ ಸರ್ವರ್ ವಿಳಾಸ ಸೇರಿಸಿ, ಒಮ್ಮೆ ಲಾಗಿನ್ ಆಗಿ. ಬ್ಲಾಗು ದೊಡ್ಡ ಕಿಟಕಿಯಲ್ಲಿ, ನಿಮ್ಮ ಖಾತೆ ಪಕ್ಕದಲ್ಲಿ. ಕಾಪಿ, ಅಂಟಿಸು, ಫಾಲೋ, ಅಷ್ಟೇ. ಬೇಡವಾದಾಗ ಎಫ್4 ಒತ್ತಿದರೆ ಪ್ಯಾನೆಲ್ ಮಡಚಿಕೊಳ್ಳುತ್ತದೆ.

ಇನ್ನೊಂದು ಮಾತು. ನಿಮ್ಮ ಸರ್ವರ್‌ನಲ್ಲಿ ಅವರ ಹಳೆಯ ಪೋಸ್ಟ್‌ಗಳು ಕಾಣದಿದ್ದರೆ ಅವರು ಬರೆದೇ ಇಲ್ಲವೆಂದು ತಿಳಿಯಬೇಡಿ. ಅಲ್ಲಿ ಯಾರೂ ಅವರನ್ನು ಮೊದಲು ಫಾಲೋ ಮಾಡಿರದಿದ್ದರೆ ಹಳೆಯದು ಅಷ್ಟಾಗಿ ಬಂದಿರುವುದಿಲ್ಲ. ಫಾಲೋ ಮಾಡುವ ಮುನ್ನ ಅವರ ಮೂಲ ಪುಟವನ್ನೇ ನೋಡಿ. ಫಾಲೋ ಬೇಡ, ಓದಿದರೆ ಸಾಕು ಎನ್ನುವವರು ಪ್ರೊಫೈಲ್ ವಿಳಾಸದ ಕೊನೆಗೆ ‘ಡಾಟ್ ಆರ್‌ಎಸ್‌ಎಸ್’ (.rss) ಸೇರಿಸಿ ಫೀಡ್ ಮಾಡಿಕೊಳ್ಳಬಹುದು. ಹ್ಯಾಷ್‌ಟ್ಯಾಗ್ ಪುಟಕ್ಕೂ ಇದೇ ಉಪಾಯ. ಖಾತೆಯೇ ಬೇಕಿಲ್ಲ.

ಜಾಹೀರಾತು ತಡೆಯುವುದರಲ್ಲಿ ಫೈರ್‌ಫಾಕ್ಸ್ ಮುಂದು: ಯುಬ್ಲಾಕ್ ಒರಿಜಿನ್ ಎಂಬ ಆಡ್-ಆನ್ ಅದರಲ್ಲಿ ಪೂರ್ತಿಯಾಗಿ ನಡೆಯುತ್ತದೆ, ಆಂಡ್ರಾಯ್ಡ್‌ನಲ್ಲೂ. ವಿವಾಲ್ಡಿಯ ಸ್ವಂತ ತಡೆ ನನಗೆ ಸಾಕು, ಎಲ್ಲರಿಗೂ ಸಾಲದು. ಎರಡಕ್ಕೂ ದುಡ್ಡಿಲ್ಲ. 4 ಜಿಬಿ ರ್‍ಯಾಮ್‌ನ ಯಂತ್ರದಲ್ಲಿ ವಿವಾಲ್ಡಿ ಬಳಸುವುದಾದರೆ ಪ್ಯಾನೆಲ್ ಒಂದಕ್ಕಿಂತ ಹೆಚ್ಚು ಇಡಬೇಡಿ.

ವಿವಾಲ್ಡಿಯ ಮೊಬೈಲ್ ಆವೃತ್ತಿಯಲ್ಲಿ ಫೀಡ್ ರೀಡರ್ ಇಲ್ಲ. ಬಸ್ಸಿನಲ್ಲೇ ಹೆಚ್ಚು ಓದುವವರಾದರೆ ಫೈರ್‌ಫಾಕ್ಸ್ ಜತೆಗೆ ಬೇರೆ ಫೀಡ್ ಆ್ಯಪ್ ಇಟ್ಟುಕೊಳ್ಳುವುದೇ ಸರಿ. ನಾನು ಓದುವುದೆಲ್ಲ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ, ಅದಕ್ಕೇ ವಿವಾಲ್ಡಿ.