ಸಾಂಬ್ರಾದಲ್ಲಿ ಏರದ ಸೆಸ್ನಾ: ಒಂದೇ ವಿಮಾನಕ್ಕೆ ಎರಡು ಮಾಡ್ ಹಾಕುವ ಮುಂಚೆ ಓದಿ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ (ಸಿಮ್) ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ, ರನ್‌ವೇ 26. ಜಿ1000 ಎಂಬ ಡಿಜಿಟಲ್ ಪರದೆಗಳಿರುವ ಸಣ್ಣ ವಿಮಾನ ಸೆಸ್ನಾ 172ರ ಥ್ರಾಟಲ್ (ಎಂಜಿನ್ ಶಕ್ತಿಯ ಲಿವರ್) ಪೂರ್ತಿ ಮುಂದಿದೆ. 2,300 ಮೀಟರ್ ರನ್‌ವೇಯ ಮುಕ್ಕಾಲು ಭಾಗ ಮುಗಿದ ಮೇಲೆ ಚಕ್ರ ನೆಲ ಬಿಟ್ಟವು. ಆಮೇಲೆ ನಿಮಿಷಕ್ಕೆ 150 ಅಡಿಯೂ ಏರಲಿಲ್ಲ. ಇಲ್ಲಿನ ಸಿಮ್ ಆಸಕ್ತರೊಬ್ಬರ ಕಂಪ್ಯೂಟರಿನಲ್ಲಿ ಆದದ್ದು ಇದು. ಗ್ರಾಫಿಕ್ಸ್ ಇಳಿಸಿ ನೋಡಿದರು, ಡ್ರೈವರ್ ಬದಲಿಸಿದರು, ಕೊನೆಗೆ ಸಿಮ್ ಅನ್ನೇ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದರು. ಆದರೆ ಹೊರಗಿನ ಆಡ್‌ಆನ್‌ಗಳನ್ನು ಹಾಕುವ ಕಮ್ಯುನಿಟಿ ಫೋಲ್ಡರನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟು ಹಾಗೇ ವಾಪಸ್ ಹಾಕಿದ್ದರು. ರೋಗ ಇದ್ದದ್ದೇ ಅಲ್ಲಿ.

ಸಿಮ್‌ನಲ್ಲಿ ವಿಮಾನದ ವೇಗ ಅತಿಯಾಯಿತು ಎನಿಸಿ, ಅದನ್ನು ತಗ್ಗಿಸಲು ಎರಡು ಮಾಡ್ (ಸಿಮ್‌ನ ಫೈಲುಗಳನ್ನು ಬದಲಿಸುವ ಆಡ್‌ಆನ್) ಹಾಕಿದ್ದರು. ಒಂದು, ವಿಮಾನದ ಸೆಟ್ಟಿಂಗ್ ಇರುವ ಎಂಜಿನ್ಸ್ ಡಾಟ್ ಸಿಎಫ್‌ಜಿ ಫೈಲಿನಲ್ಲಿ ಎಂಜಿನ್ ಶಕ್ತಿ ಇಳಿಸಿತ್ತು. ಇನ್ನೊಂದು ಫ್ಲೈಟ್ ಮಾಡೆಲ್ ಡಾಟ್ ಸಿಎಫ್‌ಜಿಯಲ್ಲಿ ಗಾಳಿಯ ಎಳೆತ ಹೆಚ್ಚಿಸಿತ್ತು. ಬಿಡಿಬಿಡಿಯಾಗಿ ಎರಡೂ ಬರೋಬ್ಬರಿ. ಎರಡರಲ್ಲೂ ಒಂದೇ ಫೈಲ್ ಇದ್ದಿದ್ದರೆ ನಂತರ ಲೋಡ್ ಆದದ್ದು ಗೆಲ್ಲುತ್ತಿತ್ತು. ಫೈಲುಗಳು ಬೇರೆಯಾದ್ದರಿಂದ ಎರಡೂ ಒಟ್ಟಿಗೆ ಜಾರಿಯಾದವು, ಒಂದೇ ತಪ್ಪಿಗೆ ಎರಡು ಸಲ ದಂಡ ಬಿದ್ದಂತಾಯಿತು.

ಆದರೆ ಎಲ್ಲದಕ್ಕೂ ಮಾಡ್ ಅನ್ನೇ ಬೈಯಬೇಡಿ. ಸಾಂಬ್ರಾ ಸುಮಾರು 2,490 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಲೈವ್ ಹವಾಮಾನದಲ್ಲಿ 36 ಡಿಗ್ರಿ ಇದ್ದರೆ ವಿಮಾನದ ಪಾಲಿಗೆ ಅದು ಸುಮಾರು 5,600 ಅಡಿಯ ತೆಳು ಗಾಳಿ. ಸಮುದ್ರಮಟ್ಟದಲ್ಲಿ 180 ಅಶ್ವಶಕ್ತಿ ಕೊಡುವ ಎಂಜಿನ್ ಇಲ್ಲಿ 150ರ ಆಸುಪಾಸಿಗೆ ಇಳಿಯುತ್ತದೆ. ನಿಮಿಷಕ್ಕೆ 730 ಅಡಿ ಏರಬೇಕಾದದ್ದು 500ರ ಹತ್ತಿರ ಏರಿದರೆ ಅದು ಸರಿಯಾದ ಲೆಕ್ಕವೇ. ಮಿಕ್ಶ್ಚರ್ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣ) ಪೂರ್ತಿ ರಿಚ್, ಅಂದರೆ ಇಂಧನ ಹೆಚ್ಚು, ಇಟ್ಟು ಹೊರಟರೆ ಶಕ್ತಿ ಇನ್ನಷ್ಟು ಕಡಿಮೆಯಾಗುತ್ತದೆ. ನಾಲ್ಕು ಜನ, ಫುಲ್ ಟ್ಯಾಂಕ್ ಎಂದರೆ 2,550 ಪೌಂಡಿನ ಮಿತಿಯೂ ದಾಟುತ್ತದೆ.

ಹಾಗಾಗಿ ಪರೀಕ್ಷೆಯನ್ನು ಸಾಂಬ್ರಾದಲ್ಲಿ ಮಾಡಬೇಡಿ. ಕಡಲಮಟ್ಟಕ್ಕೆ ಹತ್ತಿರದ ಗೋವಾದ ದಾಬೋಳಿಗೆ ಹೋಗಿ, ಲೈವ್ ಹವಾಮಾನ ಬಂದ್ ಮಾಡಿ, ಉಷ್ಣಾಂಶ 15 ಡಿಗ್ರಿ ಇಟ್ಟು, ಗಾಳಿ ಸೊನ್ನೆ ಮಾಡಿ ಏರಿಸಿ. ಸಿಮ್ ಮುಚ್ಚಿ, ಕಮ್ಯುನಿಟಿ ಫೋಲ್ಡರಿನ ಹೆಸರು ಬದಲಿಸಿ, ಅದೇ ಹೆಸರಿನ ಖಾಲಿ ಫೋಲ್ಡರ್ ಇಟ್ಟು ಮತ್ತೆ ಏರಿಸಿ. ಖಾಲಿ ಫೋಲ್ಡರಿನಲ್ಲಿ ಸರಿಹೋದರೆ ಆಡ್‌ಆನ್‌ಗಳನ್ನು ಅರ್ಧರ್ಧ ವಾಪಸ್ ಹಾಕುತ್ತ, ತೊಂದರೆ ಕೊಟ್ಟ ಅರ್ಧವನ್ನೇ ಮತ್ತೆ ಅರ್ಧ ಮಾಡುತ್ತ ಹೋಗಿ. 40 ಇದ್ದರೂ ಆರೇ ಸುತ್ತಿನಲ್ಲಿ ಕಳ್ಳ ಸಿಗುತ್ತಾನೆ. ಪ್ರತಿ ಸುತ್ತಿಗೂ ಸಿಮ್ ಮತ್ತೆ ಶುರು ಮಾಡಲೇಬೇಕು, ಬೇಸರದ ಕೆಲಸ. ಇಬ್ಬರು ಕಳ್ಳರು ಸೇರಿ ಮಾಡಿದ ಕೆಲಸವಾಗಿ, ಅವರು ಬೇರೆ ಬೇರೆ ಅರ್ಧಕ್ಕೆ ಬಿದ್ದರೆ ಯಾವ ಅರ್ಧವೂ ಒಂಟಿಯಾಗಿ ತೊಂದರೆ ಕೊಡುವುದಿಲ್ಲ. ಆಗ ಆ ವಿಮಾನದ ಸಿಎಫ್‌ಜಿ ಫೈಲ್ ಯಾವ ಯಾವ ಫೋಲ್ಡರಿನಲ್ಲಿದೆ ಎಂದು ಹುಡುಕಿ.

ಖಾಲಿ ಫೋಲ್ಡರಿನಲ್ಲೂ ಏರದಿದ್ದರೆ ಪೆಡಲ್ ನೋಡಿ. ಟೋ ಬ್ರೇಕಿನ (ಪೆಡಲ್ ತುದಿ ಒತ್ತಿ ಹಾಕುವ ಬ್ರೇಕ್) ಆಕ್ಸಿಸ್, ಅಂದರೆ ಅದರ ಚಲನೆಯ ದಿಕ್ಕು, ತಿರುಗುಮುರುಗಾಗಿದ್ದರೆ ಕಾಲು ತೆಗೆದಾಗಲೇ ಬ್ರೇಕ್ ಹಿಡಿದಿರುತ್ತದೆ. ಸಿಮ್‌ನ ಕಂಟ್ರೋಲ್ ಸೆಟ್ಟಿಂಗಿನಲ್ಲಿ ರಿವರ್ಸ್ ಆಕ್ಸಿಸ್ ಒಂದು ಟಿಕ್ಕಿನ ಕೆಲಸ. ಜಾಯ್‌ಸ್ಟಿಕ್ಕಿನ ಸ್ಲೈಡರ್, ಥ್ರಾಟಲ್ ಕ್ವಾಡ್ರಂಟ್ (ಲಿವರ್‌ಗಳಿರುವ ಪ್ರತ್ಯೇಕ ಸಾಧನ) ಎರಡಕ್ಕೂ ಥ್ರಾಟಲ್ ಕೊಟ್ಟಿದ್ದರೆ ಒಂದರಿಂದ ತೆಗೆಯಿರಿ. ಎರಡೂ ಜಗಳಾಡಿ ಲಿವರ್ ತಾನಾಗಿಯೇ ಹಿಂದಕ್ಕೆ ಜಾರುತ್ತದೆ.

ಸಿಮ್‌ನ ಮೂಲ ಫೈಲುಗಳಿರುವ ಅಫಿಷಿಯಲ್ ಫೋಲ್ಡರಿನ ಫೈಲಿನ ಮೇಲೇ ಪೇಸ್ಟ್ ಮಾಡಿ ಎನ್ನುವ ಮಾಡ್ ಮುಟ್ಟಲೇಬೇಡಿ. ಈಗಾಗಲೇ ಮಾಡಿದ್ದರೆ ಸಿಮ್ ಒಳಗಿನ ಕಂಟೆಂಟ್ ಮ್ಯಾನೇಜರಿನಲ್ಲಿ ಆ ವಿಮಾನವೊಂದನ್ನೇ ಅಳಿಸಿ ಮತ್ತೆ ಇಳಿಸಿಕೊಳ್ಳಿ. ಇಡೀ ಸಿಮ್ ಕಿತ್ತು ಹಾಕಬೇಕಿಲ್ಲ.